ಮುಟ್ಟಿ ನೋಡದ ಕಾಲು

ರೈಲು ಶಹಾಬಾದ್ ದಾಟಿ, ಇನ್ನೇನು ವಾಡಿ ಬಂತು ಎನ್ನುವಾಗ ಎದುರು ಸೀಟಿನವರು ಬೂಟು ಬಿಚ್ಚಿ ಕಾಲು ಚಾಚಿದರು. ಬಿಳಿ ಕ್ಯಾನ್ವಾಸ್ ಬೂಟು, ಕಲಬುರಗಿಯ ಮಳೆಯಲ್ಲಿ ನೆನೆದದ್ದು. ಒದ್ದೆ ಬಟ್ಟೆ, ರಬ್ಬರು, ಬೆವರು ಎಲ್ಲ ಕೂಡಿ ಹುಳಿತ ಆ ವಾಸನೆ ಮೂಗಿಗೆ ಬಡಿದ ಕೂಡಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಪಾಪ, ಅವರು ತಮ್ಮದೇ ತಪ್ಪೆಂದುಕೊಂಡು ಕಾಲನ್ನು ಸೀಟಿನಡಿ ಎಳೆದುಕೊಂಡರು. ನಿಮ್ಮದಲ್ಲ ಎಂದು ಹೇಳಬೇಕಿತ್ತು. ಹೇಳಲು ಹೋದರೆ ಒಂದು ಮಳೆಗಾಲವನ್ನೇ ಹೇಳಬೇಕಾಗುತ್ತಿತ್ತು.

ಆ ಮಳೆಗಾಲ ನಾನು ವಾಡಿಯ ಹತ್ತಿರದ ರಾವೂರಿನಲ್ಲಿದ್ದೆ, ಸೋದರಮಾವ ಶರಣಪ್ಪನವರ ಮನೆಯಲ್ಲಿ. ಕಲಬುರಗಿಯಲ್ಲಿ ಎಂ.ಎಸ್ಸಿ. ಕೊನೆಯ ವರ್ಷ, ತರಗತಿಗಳು ಮುಗಿದು ಪ್ರಬಂಧ ಬರೆಯುವುದಷ್ಟೇ ಉಳಿದಿತ್ತು. ಸೇಡಮಿನ ನಮ್ಮ ಮನೆ ತುಂಬ ಅಣ್ಣನ ಮಕ್ಕಳು, ಒಂದು ಸಾಲು ಬರೆಯಲು ಬಿಡುತ್ತಿರಲಿಲ್ಲ. ಮಾಮಾನಿಗೂ ಅವರ ಹೆಂಡತಿ ಅತ್ತಿಗೂ ಮಕ್ಕಳಿಲ್ಲ. ಅಲ್ಲಿ ಇಡೀ ಪಡಸಾಲೆ ನನ್ನದು, ಅದರ ತಂಪು ನೆಲ ನನ್ನದು, ಅತ್ತಿ ಹೊತ್ತು ಹೊತ್ತಿಗೆ ತಂದಿಡುವ ಚಹಾ ನನ್ನದು.

ಮಾಮಾ ಪರ್ಸಿ ಪಾಲಿಶ್ ಮಾಡುವ ಮಶೀನಿನ ಮುಂದೆ ಆಯುಷ್ಯವೆಲ್ಲ ನಿಂತವರು. ಪರ್ಸಿ ಎಂದರೆ ನಮ್ಮ ಕಡೆ ಮನೆಮನೆಯ ನೆಲಕ್ಕೂ ಹಾಸುವ ಕಲ್ಲು. ಹೊರಗಿನವರಿಗೆ ಶಹಾಬಾದಿ ಕಲ್ಲು ಎಂದರೆ ಗೊತ್ತಾಗುತ್ತದೆ. ಕೆಲಸ ನಿಂತುಕೊಂಡು, ನಡುನಡುವೆ ಬೀಡಿ. ಆ ಬೇಸಿಗೆಯಲ್ಲಿ ಅವರ ಎಡಗಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ಸ್ವಲ್ಪ ದೂರ ನಡೆದರೆ ನೋವು, ನಿಂತರೆ ಮಾಯ. ಕಲಬುರಗಿಯ ಡಾಕ್ಟರರ ಹತ್ತಿರ ನಾನೇ ಜೊತೆಗೆ ಹೋಗಿದ್ದೆ. ಮೊಣಕಾಲಿನ ಕೆಳಗೆ ರಕ್ತನಾಳಗಳು ಕಟ್ಟಿಕೊಂಡಿವೆ, ಬಲೂನು ಹಾಕಿ ತೆರೆಯಲು ಬರುವ ಜಾಗವಲ್ಲ ಎಂದರು ಅವರು. ಬೀಡಿ ಬಿಡಬೇಕು, ದಿನಾ ನಡೆಯಬೇಕು, ದಿನಾ ಪಾದ ನೋಡಿಕೊಳ್ಳಬೇಕು ಎಂದರು. ಹೈದರಾಬಾದಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಂಥ ಕಾಲುಗಳಿಗೆ ಹೊಸ ಚಿಕಿತ್ಸೆಯ ಪ್ರಯೋಗ ನಡೆದಿದೆ, ಬೇಕಾದರೆ ಕಳಿಸಿಕೊಡುತ್ತೇನೆ ಎಂದೂ ಹೇಳಿದರು.

ಬೀಡಿಯ ಮಾತು, ನಡಿಗೆಯ ಮಾತು, ಪ್ರಯೋಗದ ಮಾತು ನನಗೆ ಚೆನ್ನಾಗಿ ನೆನಪಿದ್ದವು. ಪಾದ ನೋಡಿಕೊಳ್ಳುವ ಮಾತನ್ನು ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತಿದ್ದೆ. ಅದರ ವಿರುದ್ಧ ಹೇಳುವಂಥದ್ದು ಏನೂ ಇರಲಿಲ್ಲ. ವಾದಕ್ಕೆ ಸಿಗದ ಮಾತು ಆಗ ನನ್ನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಚಿತ್ತಾಪುರದಿಂದ ಚಿಂಚೋಳಿಯವರೆಗೆ ಯಾವ ಕಾಲೇಜಿನಲ್ಲಿ ಮೈಕು ಕಂಡರೂ ಹತ್ತಿಬಿಡುತ್ತಿದ್ದೆ. ಒಮ್ಮೆ ವಿಷಯ ‘ಹಿರಿಯರ ಕಾಲಿಗೆ ಬೀಳುವ ಪದ್ಧತಿ ಬೇಕೆ?’ ಎಂದಿತ್ತು. ಬೇಡ ಎಂಬ ಕಡೆ ನಿಂತು ಬಹುಮಾನದ ಕಪ್ಪು ಗೆದ್ದೆ. ವೇದಿಕೆಯಲ್ಲಿ ಒಂದು ಹೇಳಿ ಮನೆಯಲ್ಲಿ ಇನ್ನೊಂದು ಮಾಡುವವರ ಜಾತಿ ನನ್ನದಲ್ಲ. ಆ ದಿನದಿಂದ ಯಾರ ಕಾಲಿಗೂ ಬಾಗಲಿಲ್ಲ. ಅಪ್ಪ ಮುನಿಸಿಕೊಂಡರು. ಮಾಮಾ ಮಾತ್ರ ಆ ಕಪ್ಪನ್ನು ಕೇಳಿ ಪಡೆದು ತಮ್ಮ ಮನೆಯ ದೇವರ ಗೂಡಿನ ಪಕ್ಕದಲ್ಲೇ ಇಟ್ಟುಕೊಂಡರು. ಅತ್ತಿ ಅದರಲ್ಲಿ ವಿಭೂತಿ ಗಟ್ಟಿಗಳನ್ನು ತುಂಬಿಟ್ಟಿದ್ದರು. ಬಂದವರಿಗೆಲ್ಲ ಮಾಮಾ ತೋರಿಸುವರು: “ನಮ್ಮ ವಕೀಲವ್ವ ಯಾರ ಕಾಲಿಗೂ ಬೀಳಂಗಿಲ್ಲ. ಬೀಳಬಾರದು ಅಂತ ಸರ್ಟಿಫಿಕೇಟೇ ಅದ.”

ಪ್ರಬಂಧಕ್ಕೆ ವಿಷಯ ಯಾವುದು ಎಂದು ಗೈಡ್ ಕೇಳಿದಾಗ ಮಾಮಾನ ಕಾಲೇ ಬಾಯಿಗೆ ಬಂತು. ರಕ್ತ ಸಾಲದ ಕಾಲಿನಲ್ಲಿ ಹೊಸ ನಾಳಗಳು ಹೇಗೆ ಬೆಳೆಯುತ್ತವೆ, ಅದರಲ್ಲಿ ಕಿಮೊಕೈನ್ ಎಂಬ ಸಂಕೇತ ಪ್ರೋಟೀನುಗಳ ಪಾತ್ರವೇನು. ಹೀಗೆ ಮಾಮಾ ಕಾಲು ನೋಯಿಸಿಕೊಂಡು ಕಟ್ಟೆಯ ಮೇಲೆ ಕೂತಿರುವಾಗ ನಾನು ಒಳಗೆ ಅದೇ ಕಾಲಿನ ಬಗ್ಗೆ ಪುಟ ತುಂಬಿಸುತ್ತಿದ್ದೆ. ಸಂಜೆಗೆ ಹೊರಗೆ ಬಂದು ಪಾಠ ಹೇಳುತ್ತಿದ್ದೆ. ಅತ್ತಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುವರು.

“ರಕ್ತ ಸಿಗದ ಮಾಂಸ ಸುಮ್ಮ ಕೂಡಂಗಿಲ್ಲ ಮಾಮಾ. ಈ ಕಿಮೊಕೈನ್ ಹೊರಗ ಬಿಡ್ತದ. ಡಂಗುರ ಸಾರಿದಂಗ ಅಂತ ತಿಳೀರಿ.”

“ಯಾರಿಗಿ ಸಾರ್ತದ?”

“ಎಲುಬಿನ ಮಜ್ಜಿದಾಗ ಕೆಲವು ಜೀವಕೋಶ ಇರ್ತಾವ. ಡಂಗುರ ಕೇಳಿದ್ರ ರಕ್ತದಾಗ ತೇಲಿಕೋತ ಬರ್ತಾವ, ಸಪ್ಪಳ ಎಲ್ಲಿ ಜೋರದ ಆ ಕಡಿಗೇ. ಬಂದು ಹೊಸ ನಾಳ ಬೆಳಿಯೋ ಕೆಲಸಕ್ಕ ಕೈ ಹಚ್ತಾವ.”

“ಅಂದ್ರ ನನ್ನ ಕಾಲು ಈಗ ಡಂಗುರ ಹೊಡೀಲಾಕತ್ತದ?”

“ಹೊಡೀಲಾಕತ್ತದ. ಕೇಳೋರು ಕಮ್ಮಿ. ಬೀಡಿ ಹೊಗಿ ತುಂಬಿದ ಊರಾಗ ಎಲ್ಲಾರೂ ಕಿವುಡ್ರು.”

“ಅದಕ್ಕೇ ಅಂತೀನಿ,” ಎಂದರು ಅತ್ತಿ ಮೊರ ಕೊಡವುತ್ತ, “ನಾ ಕೂಗಿದ್ರ ಇವರಿಗಿ ಕೇಳಂಗಿಲ್ಲ.”

ಹೈದರಾಬಾದಿನ ಪ್ರಯೋಗವೂ ಇದರ ಮೇಲೆಯೇ ನಿಂತಿತ್ತು. ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಅದರ ಜೀವಕೋಶಗಳನ್ನು ಮೀನಖಂಡಕ್ಕೆ ಸೂಜಿಯಿಂದ ಹಾಕುವುದು. ಇದನ್ನು ಕೇಳಿದ ಕೂಡಲೇ ಅತ್ತಿ ಒಪ್ಪಿದರು.

“ಡಂಗುರ ಹೊಡದ್ರೂ ಮಂದಿ ಬರಲಿಲ್ಲ ಅಂದ್ರ, ಮಂದೀನ ಗಾಡ್ಯಾಗ ತುಂಬಿಕೊಂಡು ಹೋಗಿ ಇಳಸ್ತಾರ. ನೀ ಹೇಳಿದ ಮಾತೇ ಅಲ್ಲೇನು?”

ಒಳ್ಳೆಯ ತರ್ಕ. ಇವತ್ತಿಗೂ ಅದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಆದರೆ ಅಂದು ನನಗೆ ಅದು ಎದುರು ತಂಡದ ಅಂಕದ ಹಾಗೆ ಕಂಡಿತು.

“ಪ್ರಯೋಗದಾಗ ಅರ್ಧ ಮಂದಿಗೆ ಬರೇ ಉಪ್ಪುನೀರು ಕೊಡ್ತಾರ ಅತ್ತಿ. ಯಾರಿಗೆ ಏನು ಅಂತ ಹೇಳಂಗಿಲ್ಲ.”

“ಉಪ್ಪುನೀರು?”

“ಹೌದ್ರಿ. ಔಷಧಿ ಖರೇನೇ ಕೆಲಸ ಮಾಡ್ತದೋ ಇಲ್ಲೋ ನೋಡಬೇಕಂದ್ರ ಹಂಗೇ ಮಾಡಬೇಕು. ಮೊದಲು ಸಣ್ಣ ಸಣ್ಣ ಪ್ರಯೋಗದಾಗ ಭಾಳ ಛಲೋ ಕಂಡಿತ್ತು. ಉಪ್ಪುನೀರು ಎದುರಿಗಿಟ್ಟು ನೋಡಿದ ಮ್ಯಾಲ ಆ ಫಾಯದಾ ಕರಗಿಕೋತ ಹೋಗ್ಯದ. ನಾ ಓದೀನಿ.”

“ಹೋದ್ರ ಲುಕ್ಸಾನ ಏನವ್ವ? ಹದಿನೈದು ದಿನಕ್ಕೊಮ್ಮಿ ಕರಸ್ತಾರಂತ, ಕಾಲು ಬಿಚ್ಚಿ ನೋಡ್ತಾರಂತ. ಡಾಕ್ಟರು ನಿನ್ನ ಮುಂದೇ ಹೇಳ್ಯಾರಲ್ಲ.”

ನಾನು ಆಗ ಒಂದು ಮಾತು ಹೇಳಿದೆ. ಹೇಳಿ, ನಗು ಬರುವುದಕ್ಕಾಗಿ ಸ್ವಲ್ಪ ತಡೆದೆ ಕೂಡ, ವೇದಿಕೆಯ ಮೇಲೆ ತಡೆಯುವ ಹಾಗೆ: “ಬರೇ ನೋಡ್ಲಾಕ ಹೈದರಾಬಾದ್ ಯಾಕ್ರಿ? ಕಾಲು ಮನ್ಯಾಗೇ ಅದ!”

ಮಾಮಾ ತೊಡೆ ತಟ್ಟಿ ನಕ್ಕರು. ಅತ್ತಿಯೂ ನಕ್ಕರು, ಸೋತವರು ನಗುವ ಹಾಗೆ. “ಆತು, ಕೋರ್ಟಿನ ತೀರ್ಪು ಬಂತು,” ಎಂದರು ಮಾಮಾ. “ನಾ ವಕೀಲವ್ವನ ಕಡಿ. ಉಪ್ಪುನೀರಿಗಿ ಅಷ್ಟು ದೂರ ಯಾರು ಹೋಗ್ತಾರ, ನಮ್ಮ ಅಡಗಿಮನ್ಯಾಗೇ ಸಿಗ್ತದ.”

ಹೀಗೆ ಹೈದರಾಬಾದ್ ಮುಗಿಯಿತು.

ಉಳಿದದ್ದು ನಡಿಗೆ. ಇದರಲ್ಲಿ ನನಗೆ ಪೂರ್ತಿ ನಂಬಿಕೆಯಿತ್ತು, ಇಂದಿಗೂ ಇದೆ. ನೋವು ಬರುವ ತನಕ ನಡೆಯುವುದು, ನಿಲ್ಲುವುದು, ನೋವು ಇಳಿದ ಮೇಲೆ ಮತ್ತೆ ನಡೆಯುವುದು. ಔಷಧಿಯಷ್ಟೇ ಗಟ್ಟಿಯಾದ ಉಪಾಯ. ವಾಡಿಗೆ ಹೋಗಿ ಮಾಮಾನಿಗೆ ಬಿಳಿ ಕ್ಯಾನ್ವಾಸ್ ಬೂಟು, ಜೊತೆಗೆ ದಪ್ಪ ಕಾಲುಚೀಲ ತಂದುಕೊಟ್ಟೆ. ಚಪ್ಪಲಿ ಬಿಟ್ಟರೆ ಬೇರೇನೂ ಹಾಕದ ಕಾಲು ಅವರದು. ಮೊದಲ ದಿನ ಗೇಣು ಗೇಣು ಅಳೆದ ಹಾಗೆ ನಡೆದರು. ಕಾರ್ಖಾನೆಗೆ ಹೋಗುವವರು ದಾರಿಯಲ್ಲಿ ನಿಲ್ಲಿಸಿ ಚೇಷ್ಟೆ ಮಾಡುವರು.

“ಏನ್ರಿ ಶರಣಪ್ಪ, ಬೂಟು! ಈ ವಯಸ್ಸಿನಾಗ ಮಿಲ್ಟ್ರಿ ಸೇರ್ಲಾಕತ್ತೀರಿ?”

“ಸೋದರಸೊಸಿ ಭರ್ತಿ ಮಾಡ್ಯಾಳಪ್ಪ. ಪರೇಡಿಗಿ ತಪ್ಪಿದ್ರ ಭಾಷಣ ಮಾಡ್ತಾಳ.”

ಆ ವರ್ಷ ಮಳೆ ಬಿಡಲಿಲ್ಲ. ಹಳೆಯ ಕಲ್ಲಿನ ಗಣಿಗಳು ತುಂಬಿ ಹಸಿರು ಕೆರೆಗಳಾದವು. ಕರಿಮಣ್ಣು ಕಾಲಿಗೆ ಮೆತ್ತಿಕೊಂಡು ಒಂದು ಹೆಜ್ಜೆ ಎರಡು ಹೆಜ್ಜೆಯ ಭಾರವಾಗುತ್ತಿತ್ತು. ಕಲ್ಲಿನ ಪುಡಿ ಬಿದ್ದ ರಸ್ತೆಯಲ್ಲಿ ಹಾಲಿನಂಥ ನೀರು ಹರಿಯುತ್ತಿತ್ತು. ಆದರೂ ಬೆಳಿಗ್ಗೆ ಬೆಳಿಗ್ಗೆ ಛತ್ರಿ ಹಿಡಿದು ಹೊರಟುಬಿಡುತ್ತಿದ್ದೆವು. ಅತ್ತಿ ಒದ್ದೆ ಬೂಟುಗಳನ್ನು ಒಲೆಯ ಪಕ್ಕ ಇಡುವರು. ಅವು ಅರ್ಧ ಒಣಗುವಷ್ಟರಲ್ಲಿ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. “ಹಸಿ ಅವ,” ಎಂದು ಅತ್ತಿ ಒಮ್ಮೆ ಅಂದಿದ್ದರು. “ನಡದ್ರ ಒಣಗ್ತಾವ,” ಎಂದು ಉತ್ತರ ಕೊಟ್ಟಿದ್ದೆ. ಉತ್ತರವಿಲ್ಲದ ದಿನ ನನಗೆ ಇರಲೇ ಇಲ್ಲ.

ಕಾಲು ಸುಧಾರಿಸಿತು ಕೂಡ. ಇದನ್ನು ಹೇಳದೆ ಹೋದರೆ ನನಗೆ ನಾನೇ ಅನ್ಯಾಯ ಮಾಡಿಕೊಂಡಂತೆ. ಮೊದಲು ಹುಣಸೆಮರದ ಹತ್ತಿರ ನಿಲ್ಲುತ್ತಿದ್ದವರು ಶ್ರಾವಣದಲ್ಲಿ ರೈಲ್ವೆ ಗೇಟು ಮುಟ್ಟಿದರು. ಬೀಡಿ ಬಿಟ್ಟೆ ಎಂದರು. ನಾನು ನಂಬದೆ ಅಂಗಿ ಮೂಸಿ ನೋಡುತ್ತಿದ್ದೆ. ಅವರು ತೋಳು ಚಾಚಿ, “ತಪಾಸ ಮಾಡವ್ವ, ತಪಾಸ ಮಾಡು,” ಎಂದು ನಿಲ್ಲುವರು. ಅವರು ಖರೆಯೇ ಬಿಟ್ಟಿದ್ದರು. ಅಂಗಿಯನ್ನು ದಿನಾ ಮೂಸಿದವಳು ಕಾಲುಚೀಲವನ್ನು ಒಂದು ದಿನವೂ ಬಿಚ್ಚಿಸಲಿಲ್ಲ.

ದಸರಾ ಬಂತು. ಬನ್ನಿ ಹಬ್ಬದ ಸಂಜೆ ನಮ್ಮಲ್ಲಿ ಎಲ್ಲರೂ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟುಕೊಳ್ಳುತ್ತಾರೆ. ಕಿರಿಯರು ಎಲೆ ಕೊಟ್ಟು ಹಿರಿಯರ ಪಾದ ಮುಟ್ಟುತ್ತಾರೆ. ಮಾಮಾ ಕೈಕಾಲು ತೊಳೆದು ಬಿಳಿ ಅಂಗಿ ಹಾಕಿಕೊಂಡು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಬರಿಗಾಲು. ಧೋತರ ಪಾದದ ಮೇಲೆ ಇಳಿಬಿದ್ದಿತ್ತು. ನಾನು ಎಲೆ ಕೊಟ್ಟು ಕೈ ಮುಗಿದೆ, ಅಷ್ಟೇ. “ನಮ್ಮ ವಕೀಲವ್ವನ ನಮಸ್ಕಾರ ದೂರದಿಂದಲೇ,” ಎಂದು ಮಾಮಾ ನಕ್ಕು ಎಲೆಯನ್ನು ಕಣ್ಣಿಗೊತ್ತಿಕೊಂಡರು.

ಆಮೇಲೆ ಅತ್ತಿ ಬಾಗಿದರು. ಬಾಗಿದವರು ಕೂಡಲೇ ಏಳಲಿಲ್ಲ.

“ಯವ್ವಾ, ಇಲ್ಲಿ ಬಾ. ಎಡಗಾಲು ಥಣ್ಣಗದ ನೋಡು. ಕಿರಿಬೆರಳು ಕರ್ರಗ ಕಂಡಂಗಾಗ್ತದ.”

ಮಾಮಾ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು. “ಸಂಜಿ ಮುಂದ ಎಲ್ಲಾ ಕರ್ರಗೇ ಕಾಣ್ತದ.”

ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ. ಬಗ್ಗಿದ್ದರೆ ಸಾಕಿತ್ತು. ಸಂಶಯ ಪಡುವವಳು ಎಂದು ಹೇಳಿಕೊಳ್ಳುತ್ತಿದ್ದೆನಲ್ಲ, ಸಂಶಯದ ಮೊದಲ ಧರ್ಮವೇ ಮುಟ್ಟಿ ನೋಡುವುದು. ಆದರೆ ಬನ್ನಿ ಕೊಡಲು ಬಂದ ನಾಲ್ಕು ಮಂದಿ ಎದುರಿಗೆ, ಅದೂ ಬನ್ನಿಯ ದಿನ, ನಾನು ಮಾಮಾನ ಪಾದಕ್ಕೆ ಕೈ ಚಾಚಿದರೆ ಅದು ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತಿತ್ತು. ಗೂಡಿನ ಪಕ್ಕದಲ್ಲಿ ನಾನು ಗೆದ್ದ ಕಪ್ಪು ಕಾಣುತ್ತಿತ್ತು. ನಿಂತಲ್ಲಿಂದಲೇ ಕೇಳಿದೆ:

“ಬಲಗಾಲಿಗೆ ಹೋಲಿಸಿ ನೋಡೀರೇನು ಅತ್ತಿ? ಒಂದೇ ಕಾಲು ಮುಟ್ಟಿ ಥಣ್ಣಗದ ಅಂದ್ರ ಹೆಂಗ? ಪರ್ಸಿ ಮ್ಯಾಲ ಇಟ್ಟ ಕಾಲು ಥಣ್ಣಗೇ ಇರ್ತದ.”

ಅತ್ತಿ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದರು. ಮಾಮಾ ನನ್ನ ಕಡೆ ನೋಡಿ ಕಣ್ಣು ಹೊಡೆದರು. ನಾವಿಬ್ಬರೂ ಒಂದೇ ತಂಡದವರು ಎಂಬ ಹಾಗೆ. ಅವರ ಕಾಲು ಯಾಕೆ ಕುರ್ಚಿಯಡಿ ಹೋಯಿತು ಎಂದು ಕೇಳಬೇಕೆನ್ನಿಸಲಿಲ್ಲ. ಗೆದ್ದವರು ಪ್ರಶ್ನೆ ಕೇಳುವುದಿಲ್ಲ.

ಪ್ರಬಂಧ ಮುಗಿದಿತ್ತು, ಎರಡು ದಿನಕ್ಕೆ ಕಲಬುರಗಿಗೆ ಹೊರಟೆ. ದೀಪಾವಳಿ ಹತ್ತಿರ ಬಂದಾಗ ಅತ್ತಿಯ ಫೋನು ಬಂತು. “ಕಾಲು ವಾಸನಿ ಬರ್ಲಾಕತ್ತದವ್ವ,” ಎಂದಷ್ಟೇ ಹೇಳಿ ಅಳತೊಡಗಿದರು. ಕಿರಿಬೆರಳಿನ ಸಂದಿಯಲ್ಲಿ ಹಸಿ ಬೂಟಿನಿಂದ ಎದ್ದ ಗಾಯ. ರಕ್ತ ಸಾಲದ ಕಾಲಿನಲ್ಲಿ ಅಂಥದ್ದು ಮಾಯುವುದಿಲ್ಲ. ಇದನ್ನು ನಾನು ಪ್ರಬಂಧದ ಮೊದಲ ಅಧ್ಯಾಯದಲ್ಲೇ ಬರೆದಿದ್ದೆ, ಚೆನ್ನಾಗಿಯೇ ಬರೆದಿದ್ದೆ. ಮೊದಲು ಬೆರಳು ತೆಗೆದರು. ಆಮೇಲೆ ಮೊಣಕಾಲಿನ ಕೆಳಗೆ ಕಾಲನ್ನೇ.

ಆಸ್ಪತ್ರೆಯ ಮಂಚದ ಪಕ್ಕ ಕೂತು ಕೇಳಿದೆ, “ಗಾಯ ಆದದ್ದು ನಿಮಗ ಗೊತ್ತಿದ್ದಿಲ್ಲೇನು ಮಾಮಾ?”

“ಗೊತ್ತಿತ್ತು.”

“ಮತ್ತ ಯಾಕ ಹೇಳಲಿಲ್ಲ?”

ಅವರು ಅತ್ತಿ ಇಲ್ಲದ್ದನ್ನು ನೋಡಿಕೊಂಡು ಮೆಲ್ಲಗೆ ಅಂದರು, “ಬೂಟಿನಿಂದ ಆತು ಅಂದ್ರ ನಿಮ್ಮತ್ತಿ ಮುಂದ ನೀ ಸೋಲ್ತಿದ್ದಿ. ಸಣ್ಣ ಗಾಯ, ತಾನೇ ಮಾಯ್ತದಂತ ಬಿಟ್ಟೆ. ನೀ ಯಾವತ್ತೂ ಸೋತಿಲ್ಲಲ್ಲವ್ವ.”

ಯಾರೂ ನನ್ನನ್ನು ದೂರಲಿಲ್ಲ, ಅತ್ತಿಯೂ. ದೂರಿದ್ದರೆ ಅನುಕೂಲವಾಗುತ್ತಿತ್ತು, ಎದುರಾಳಿ ಬೇಕಾಗುತ್ತದೆ ನನಗೆ. ಯಾರೂ ಸಿಗದೆ ನನ್ನೊಳಗೇ ಎರಡು ತಂಡ ಮಾಡಿಕೊಂಡೆ. ಒಂದು ತಂಡ, ಹೈದರಾಬಾದಿಗೆ ಕಳಿಸಬೇಕಿತ್ತು ಎನ್ನುತ್ತದೆ. ಇನ್ನೊಂದು, ಆ ಚಿಕಿತ್ಸೆ ಕಾಲು ಉಳಿಸುತ್ತದೆಂಬುದು ಇಂದಿಗೂ ಗಟ್ಟಿಯಾಗಿಲ್ಲ, ಅವರಿಗೆ ಉಪ್ಪುನೀರೇ ಸಿಕ್ಕಿರಬಹುದಿತ್ತು ಎನ್ನುತ್ತದೆ. ಪ್ರತಿ ಸಲ ಎರಡನೆಯ ತಂಡ ಗೆಲ್ಲುತ್ತದೆ. ಬಹಳ ವರ್ಷ ಈ ಚರ್ಚೆಯನ್ನೇ ನಡೆಸಿಕೊಂಡು ಬಂದೆ. ನಾನು ಗೆಲ್ಲುವ ಚರ್ಚೆ ಎಂದೇ ಅದನ್ನು ಆರಿಸಿಕೊಂಡಿದ್ದೇನೆ ಎಂಬುದು ತಡವಾಗಿ ತಿಳಿಯಿತು. ಹೈದರಾಬಾದಿನಲ್ಲಿ ಜೀವಕೋಶ ಸಿಕ್ಕರೂ ಅಷ್ಟೇ, ಉಪ್ಪುನೀರು ಸಿಕ್ಕರೂ ಅಷ್ಟೇ, ಹದಿನೈದು ದಿನಕ್ಕೊಮ್ಮೆ ಯಾರೋ ಒಬ್ಬ ನರ್ಸು ಆ ಕಾಲುಚೀಲ ಬಿಚ್ಚುತ್ತಿದ್ದಳು. ಬೆರಳು ಅಗಲಿಸಿ ನೋಡುತ್ತಿದ್ದಳು. ಅತ್ತಿ ಕೇಳಿದ್ದು ಅದನ್ನೇ. ನಾನು ಅದಕ್ಕೆ ನಗೆಯ ಮಾತು ಹೇಳಿದೆ. ಇನ್ನು ಬನ್ನಿಯ ಸಂಜೆ ಹೈದರಾಬಾದೂ ಬೇಕಿರಲಿಲ್ಲ, ಎರಡು ಮಾರು ದಾಟಿದ್ದರೆ ಸಾಕಿತ್ತು.

ಆಮೇಲೆ ಬನ್ನಿ ಹಬ್ಬಕ್ಕೆ ನಾನು ರಾವೂರಿಗೆ ಹೋಗಿಯೇ ಇರಲಿಲ್ಲ. ಈಗ ಕಲಬುರಗಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ರಜೆ ಇಲ್ಲ ಎನ್ನುವುದು ಸುಲಭ. ಈ ಸಲ ಅತ್ತಿ ಫೋನಿನಲ್ಲಿ ಅದೂ ಇದೂ ಮಾತಾಡುತ್ತ, “ಈಗೀಗ ಉಳಿದ ಕಾಲೂ ಜಡ ಅಂತಾರ, ಹೇಳಬ್ಯಾಡ ಅಂದಾರ,” ಎಂದರು. ಮರುದಿನವೇ ರೈಲು ಹತ್ತಿದ್ದೆ.

ಮಾಮಾ ಈಗ ಕಾರ್ಖಾನೆಯ ಗೇಟಿನಲ್ಲಿ ಕೂತು ಲಾರಿಗಳನ್ನು ಒಳಗೆ ಬಿಡುತ್ತಾರೆ. ಬನ್ನಿಯ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಅದೇ ಕುರ್ಚಿಯಲ್ಲಿ ಕೂತರು. ಧೋತರ ಎರಡೂ ಕಾಲಿನ ಮೇಲೆ ಒಂದೇ ಸಮ ಇಳಿಬಿದ್ದಿತ್ತು. ಕಪ್ಪು ಅಲ್ಲೇ ಇತ್ತು, ಬಾಯಿಯ ತನಕ ವಿಭೂತಿ.

“ಬನ್ನಿ ತಗೊಂಡು ಬಂಗಾರದಂಗ ಇರೂನು ಮಾಮಾ,” ಎಂದು ಎಲೆ ಕೊಟ್ಟು, ಬಗ್ಗಿದೆ.

“ಏ ಏ ಏ, ಏನು ಮಾಡ್ಲಾಕತ್ತಿ? ಕಪ್ಪು ವಾಪಸ್ ಕೊಡಬೇಕಾಗ್ತದ ನೋಡು!” ನನ್ನ ಕೈ ಎಲ್ಲಿ ಹೋಯಿತೆಂದು ನೋಡಿ ಮತ್ತೆ ನಕ್ಕರು. “ಅದಲ್ಲವ್ವ, ಅದು ರಬ್ಬರಿನದು. ಅದರಿಂದ ಆಶೀರ್ವಾದ ಬರಂಗಿಲ್ಲ.”

ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದೆ. ಬೆರಳುಗಳನ್ನು ಒಂದೊಂದಾಗಿ ಅಗಲಿಸಿ ನೋಡಿದೆ. ಗಾಯ ಇರಲಿಲ್ಲ. ಪಾದದ ಮೇಲ್ಭಾಗದಲ್ಲಿ ನಾಡಿ ಹುಡುಕಿದೆ. ಇದೆ ಎನ್ನಿಸಿತು, ಮರುಕ್ಷಣ ಅದು ನನ್ನ ಬೆರಳಿನದೇ ಮಿಡಿತ ಎನ್ನಿಸಿತು. ಕಾಲು ತಣ್ಣಗಿತ್ತು. ತಣ್ಣಗಿತ್ತೋ, ಅಥವಾ ಪರ್ಸಿಯ ತಂಪೋ? ಹೋಲಿಸಿ ನೋಡಬೇಕು. ಆ ಕ್ಷಣಕ್ಕೆ ನನಗೆ ಹೊಳೆಯಿತು, ಹೋಲಿಸಲು ಇನ್ನೊಂದು ಕಾಲಿಲ್ಲ.

“ಅತ್ತಿ, ಇಲ್ಲಿ ಬರ್ರಿ. ನನ್ನ ಬಾಜೂಕ ನಿಂದರ್ರಿ.”

ಬನ್ನಿಯ ತಟ್ಟೆ ಹಿಡಿದುಕೊಂಡೇ ಬಂದರು. ಒಂದು ಕೈಯನ್ನು ಮಾಮಾನ ಪಾದದ ಮೇಲೆ ಬಿಟ್ಟು ಇನ್ನೊಂದನ್ನು ಅತ್ತಿಯ ಪಾದದ ಮೇಲೆ ಇಟ್ಟೆ. ಅವರು ಬೆದರಿ ಹಿಂದೆ ಸರಿದರು.

“ಯವ್ವಾ! ಇದೇನು, ಒಮ್ಮಿಗೇ ಇಬ್ಬರಿಗೂ?”

“ಅಲ್ಲಾಡಬ್ಯಾಡ್ರಿ ಅತ್ತಿ.”

ಬೆಳಗಿನಿಂದ ಅದೇ ನೆಲದ ಮೇಲೆ, ಅದೇ ಪರ್ಸಿಯ ಮೇಲೆ ಬರಿಗಾಲಲ್ಲಿ ಓಡಾಡಿದ ಅತ್ತಿಯ ಕಾಲು ಅದು. ಬೆಚ್ಚಗಿತ್ತು.

“ನಾಳಿಗಿ ಕಲಬುರಗಿಗೆ ಹೋಗೂನು ಮಾಮಾ. ಈ ಕಾಲು ಥಣ್ಣಗದ.”

“ಪರ್ಸಿ ಮ್ಯಾಲ ಇಟ್ಟ ಕಾಲು ಥಣ್ಣಗೇ ಇರ್ತದ,” ಎಂದರು ಮಾಮಾ. “ನೀನೇ ಹೇಳಿದ್ದಿ.”

ಒಳ್ಳೆಯ ವಾದ. ಅದಕ್ಕೆ ಉತ್ತರ ನನ್ನ ಇನ್ನೊಂದು ಕೈಯ ಕೆಳಗೆ ಇತ್ತು. ಎರಡೂ ಕೈಗಳನ್ನು ಇಟ್ಟಲ್ಲೇ ಇಟ್ಟುಕೊಂಡು ಕೂತೆ, ಅವರು “ಆತು, ಹೋಗೂನು ನಡಿ” ಎನ್ನುವ ತನಕ.